ನಿಂತಲ್ಲೇ ತುಳಿದ ಸೈಕಲ್ಲು

ವಿಜಯವಾಡ
20-2-1996, ಮಂಗಳವಾರ

ಗೆಳೆಯ ಲಿಂಗರಾಜನಿಗೆ ಜಯರಾಮ ಬರೆಯುವುದು,

ಮೊನ್ನೆ ಭಾನುವಾರ ನಿನ್ನ ಮನೆಯಲ್ಲಿ ಎರಡು ತಾಸು ಕೂತೆ, ಊಟ ಮಾಡಿದೆ, ನಿನ್ನ ಮಗಳಿಗೆ ಕನ್ನಡದ ಅಂಕಿ ಬರೆದುಕೊಟ್ಟೆ. ಹೇಳಬೇಕೆಂದು ಬಂದದ್ದನ್ನು ಮಾತ್ರ ಹೇಳದೆ ಎದ್ದೆ. ಎಂವಿಪಿ ಕಾಲೋನಿಯ ಬಸ್ ಸ್ಟಾಪಿನವರೆಗೆ ಹೋದವನು ತಿರುಗಿ ಬಂದು ನಿನ್ನ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ನೀನು ಊರುಗೋಲು ಊರಿಕೊಂಡು ಕೋಣೆಯಿಂದ ಕೋಣೆಗೆ ಹೋಗುವ ಸಪ್ಪಳ ಕೇಳಿಸಿತು. ಹೊರಟುಬಿಟ್ಟೆ. ಎದುರಿಗೆ ಆಡಲಾಗದ್ದನ್ನು ಈಗ ವಿಜಯವಾಡಕ್ಕೆ ಮರಳಿ ಲಾಡ್ಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಸೀತಾಮಹಾಲಕ್ಷ್ಮಿ ನಿನ್ನನ್ನು ಮದುವೆಯಾಗಿ ಕನ್ನಡ ಮಾತು ಕಲಿತಳು, ಓದು ಕಲಿಯಲಿಲ್ಲ. ಹಾಗಾಗಿ ಇದನ್ನು ಓದುವವನು ನೀನೊಬ್ಬನೇ. ಅವಳಿಗೆ ಹೇಳುವುದು, ಬಿಡುವುದು ನಿನ್ನ ಕೈಯಲ್ಲಿದೆ.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ಮಾತು ಕೇಳಿ, ನೀನು ತಟ್ಟೆ ಎತ್ತಿಕೊಂಡು ನನ್ನ ಮೇಜಿಗೆ ಬಂದೆಯಲ್ಲ, ಅದು ಎಂಬತ್ತೇಳರಲ್ಲಿ. "ಜಮಖಂಡಿ ಕಡೇವನೇನಲೇ? ಹಂಗಾರ ಸೈಕಲ್ ಹೊಡಿಯಾಕ ಬರಬೇಕಲ್ಲ!" ಅಂದೆ. ನಮ್ಮ ಕಡೆ ಪೈಲ್ವಾನರ ಹೆಸರಿನಷ್ಟೇ ಸೈಕಲ್ ಹೊಡೆಯುವವರ ಹೆಸರನ್ನೂ ಜನ ನೆನಪಿಡುತ್ತಾರೆ ಎನ್ನುವುದು ಆ ಊರಿನಲ್ಲಿ ನಮ್ಮಿಬ್ಬರಿಗಷ್ಟೇ ಗೊತ್ತಿತ್ತು. ಅವತ್ತಿನಿಂದ ಪ್ರತಿ ಭಾನುವಾರ ಬೆಳಗ್ಗೆ ಟೌನ್‌ಶಿಪ್ಪಿನ ಗೇಟು ದಾಟಿ ಹೆದ್ದಾರಿಗೆ ಬಿದ್ದು, ಲಂಕೆಲಪಾಲೆಂ ಹಾಯ್ದು ಅನಕಾಪಲ್ಲಿಯವರೆಗೆ ಹೋಗಿ ಬರುತ್ತಿದ್ದೆವು. ನಿಯಮ ಮಾಡಿದವನು ನೀನೇ. ಹೆದ್ದಾರಿಯಲ್ಲಿ ಒಬ್ಬೊಬ್ಬರೇ ಹೋಗಕೂಡದು. ಮುಂದಿನವನು ಗುಂಡಿ ನೋಡಬೇಕು, ಹಿಂದಿನವನು ಕಿವಿಯಿಟ್ಟು ಕೇಳುತ್ತಿದ್ದು "ಲಾರಿ!" ಎಂದು ಕೂಗಬೇಕು. ಕೂಗು ಕೇಳಿದೊಡನೆ ಇಬ್ಬರೂ ಮಣ್ಣಿಗಿಳಿಯಬೇಕು. ಹೆಚ್ಚಾಗಿ ಹಿಂದೆ ಇರುತ್ತಿದ್ದವನು ನಾನು.

ತೊಂಬತ್ಮೂರರಲ್ಲಿ ನನ್ನನ್ನು ತಪಾಸಣೆ ವಿಭಾಗಕ್ಕೆ ಹಾಕಿದರು. ನಮ್ಮ ಕಾರ್ಖಾನೆಗೆಂದು ತಯಾರಾಗುವ ಕನ್ವೇಯರ್ ಪಟ್ಟಿಯ ರೋಲರುಗಳನ್ನು ಪರೀಕ್ಷೆ ಮಾಡಲು ತಿಂಗಳಲ್ಲಿ ಹದಿನೈದು ದಿನ ವಿಜಯವಾಡದ ಆಟೋನಗರದ ವರ್ಕ್‌ಶಾಪುಗಳಲ್ಲಿ. ಸೈಕಲ್ಲು ಅಲ್ಲಿ, ನಾನು ಇಲ್ಲಿ. ಎರಡೇ ತಿಂಗಳಲ್ಲಿ ತೊಡೆ ಸಡಿಲವಾಯಿತು. ಆಗ ಸಿಕ್ಕಿದ್ದು ಈಶ್ವರಯ್ಯನವರ ಜಿಮ್. ಅವರು ಹಿಂದೆ ಪಂದ್ಯಗಳಲ್ಲಿ ಭಾರ ಎತ್ತುತ್ತಿದ್ದವರು. ಶೀಟು ಹೊದಿಸಿದ ಉದ್ದ ಕೋಣೆ, ಕಬ್ಬಿಣದ ತೂಕಗಳು, ಮೂಲೆಯಲ್ಲಿ ನೆಲಕ್ಕೆ ಬೋಲ್ಟು ಹಾಕಿದ ಒಂದೇ ಗಾಲಿಯ ಸೈಕಲ್ಲು. ಗಾಲಿಗೆ ಸುತ್ತಿದ ಪಟ್ಟಿಯನ್ನು ತಿರುಪಿನಿಂದ ಬಿಗಿ ಮಾಡಿದರೆ ಏರು ಹತ್ತಿದ ಹಾಗೆ, ಸಡಿಲ ಬಿಟ್ಟರೆ ಇಳಿಜಾರು. ಹತ್ತು ನಿಮಿಷ ಬಿಗಿ, ಐದು ನಿಮಿಷ ಸಡಿಲ, ಮಧ್ಯೆ ಕೊರಳಿಗೆ ಬೆರಳಿಟ್ಟು ನಾಡಿ ನೋಡುತ್ತಿದ್ದೆ. ಬೆಜವಾಡ ಎಂದೇ ಜನ ಕರೆಯುವ ಈ ವಿಜಯವಾಡದ ಸೆಕೆಯಲ್ಲಿ ಬೆವರು ಸುರಿದು ಸೈಕಲ್ಲಿನ ಕೆಳಗೆ ನೆಲ ಒದ್ದೆಯಾಗುತ್ತಿತ್ತು. "ಎಂತ ತೊಕ್ಕಿನಾ ಇಕ್ಕಡೇ ಉಂಟಾರು ಕದಾ ಸಾರ್" ಎಂದು ಈಶ್ವರಯ್ಯ ನಗುತ್ತಿದ್ದರು. ಎಷ್ಟು ತುಳಿದರೂ ಇಲ್ಲೇ ಇರುತ್ತೀರಲ್ಲ ಎಂದು. ನನಗೆ ಸಿಟ್ಟು ಬರುತ್ತಿತ್ತು.

ಅದರಲ್ಲಿ ಕಾಲು ಗಟ್ಟಿಯಾಗುತ್ತದೆ ಲಿಂಗರಾಜ, ಸುಳ್ಳಲ್ಲ. ಆದರೆ ಎದುರುಗಾಳಿ ಇಲ್ಲ, ತಿರುವು ಇಲ್ಲ, ಮುಂದೆ ನೀನಿಲ್ಲ. ಊರಿಗೆ ಬಂದ ಭಾನುವಾರಗಳಲ್ಲಿ ಅನಕಾಪಲ್ಲಿ ಇನ್ನೂ ನಾಲ್ಕು ಮೈಲಿ ಇರುವಾಗಲೇ ನಿನ್ನ ಗಾಲಿ ನನ್ನಿಂದ ದೂರವಾಗುತ್ತಿತ್ತು. ನೀನು ನಿಧಾನ ಮಾಡುತ್ತಿದ್ದೆ. ಚೈನು ನೋಡುವ ನೆಪದಲ್ಲಿ ಇಳಿದು ನಿಲ್ಲುತ್ತಿದ್ದೆ. ನನಗೆ ಗೊತ್ತಾಗಬಾರದೆಂದು ಹಾಗೆ ಮಾಡುತ್ತಿದ್ದೆ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಆಮೇಲೆ ಆ ಆಯ್ಕೆ ಬಂತು. ಬೇರೆ ಬೇರೆ ಊರಿನ ಕಾರ್ಖಾನೆಗಳ ನಡುವಿನ ಪಂದ್ಯಕ್ಕೆ ನಮ್ಮಿಂದ ಒಬ್ಬನೇ ಸವಾರ. ಕ್ರೀಡೆ ನೋಡಿಕೊಳ್ಳುತ್ತಿದ್ದ ಚಂದ್ರಮೌಳಿಯವರು ಪಟ್ಟಿಯಲ್ಲಿ ಬರೆದದ್ದು ಎರಡೇ ಹೆಸರು, ನಿನ್ನದು ಮತ್ತು ನನ್ನದು. ತೊಂಬತ್ನಾಲ್ಕರ ಫೆಬ್ರವರಿ ಎರಡನೇ ಭಾನುವಾರ ಆಯ್ಕೆ. ಮೊದಲನೇ ಭಾನುವಾರ ಅದೇ ರಸ್ತೆಯಲ್ಲಿ ಇಬ್ಬರೂ ಕೂಡಿ ಒಮ್ಮೆ ಹೋಗಿ ಬರೋಣ ಎಂದು ನೀನೇ ಹೇಳಿದ್ದೆ.

ನನ್ನ ಕೆಲಸ ಶುಕ್ರವಾರ ಮಧ್ಯಾಹ್ನಕ್ಕೇ ಮುಗಿದಿತ್ತು. ಸಂಜೆ ಎಸ್‌ಟಿಡಿ ಬೂತಿನಿಂದ ನಿನ್ನ ವಿಭಾಗಕ್ಕೆ ಫೋನು ಮಾಡಿದೆ. "ಇನ್ನಾ ಮುಗಿದಿಲ್ಲಪಾ, ಇಪ್ಪತ್ತು ರೋಲರ್ ಉಳದಾವು. ಸೋಮವಾರನ ಬರತೀನಿ" ಅಂದೆ. "ಹೌದನ? ಆತು ಬಿಡು, ಕೆಲಸ ಮದಲ" ಅಂದೆ ನೀನು. ನಿನ್ನ ಜೊತೆ ಬಂದು ಮತ್ತೆ ಹಿಂದೆ ಬಿದ್ದರೆ ಆಯ್ಕೆಯ ದಿನ ನನ್ನ ಧೈರ್ಯ ಉಳಿಯುವುದಿಲ್ಲ ಎನಿಸಿತ್ತು. ಎರಡು ದಿನ ಹೆಚ್ಚಿಗೆ, ಯಾರಿಗೂ ಕಾಣದ ಹಾಗೆ, ಈಶ್ವರಯ್ಯನವರಲ್ಲಿ ತುಳಿಯಬೇಕೆಂದಿದ್ದೆ. ಇಷ್ಟೇ ಕಾರಣ.

ಭಾನುವಾರ ಬೆಳಗ್ಗೆ ಆರರಿಂದ ಏಳೂವರೆಯವರೆಗೆ ಪಟ್ಟಿ ಬಿಗಿ ಮಾಡಿಕೊಂಡು ತುಳಿದೆ. ಅಷ್ಟು ಚೆನ್ನಾಗಿ ಅದರ ಮೇಲೆ ಎಂದೂ ತುಳಿದಿರಲಿಲ್ಲ. ಲಂಕೆಲಪಾಲೆಂ ದಾಟಿದ ಮೇಲೆ, ಬೆಲ್ಲದ ಮಾರುಕಟ್ಟೆಗೆ ಹೊರಟಿದ್ದ ಖಾಲಿ ಲಾರಿ ಹಿಂದಿನಿಂದ ಬಂದು ನಿನ್ನನ್ನು ಬಡಿದದ್ದು ಏಳಕ್ಕೆ ಹತ್ತು ನಿಮಿಷ ಇರುವಾಗ ಎಂದು ಪೊಲೀಸರು ಬರೆದುಕೊಂಡಿದ್ದರು.

ಮಧ್ಯಾಹ್ನ ಲಾಡ್ಜಿಗೆ ಫೋನು ಬಂತು. ಸೋಮವಾರ ಬೆಳಗ್ಗೆ ಆಸ್ಪತ್ರೆ ಮುಟ್ಟಿದೆ. ಬಲಗಾಲನ್ನು ಮೊಣಕಾಲಿನ ಮೇಲಿನಿಂದ ತೆಗೆದರು. ಸೀತಾಮಹಾಲಕ್ಷ್ಮಿ ಎರಡು ವರ್ಷದ ಕೂಸನ್ನು ಎತ್ತಿಕೊಂಡು ವರಾಂಡದಲ್ಲಿ ನಿಂತಿದ್ದಳು. "ನೀವು ಊರಾಗ ಇದ್ರ ಇವರು ಒಬ್ಬರ ಹೋಗತಿರಲಿಲ್ಲಂಡಿ ಅಣ್ಣಯ್ಯಾ. ಕೆಲಸಾನ ಹಂಗ ಐತಿ, ನೀವೇನ ಮಾಡತೀರಿ" ಅಂದಳು. ನಾನು ತಲೆಯಾಡಿಸಿದೆ. ತಲೆಯಾಡಿಸಿದೆ, ಲಿಂಗರಾಜ.

ಆಯ್ಕೆ ನಡೆಯಲೇ ಇಲ್ಲ. ಇಬ್ಬರಲ್ಲಿ ಒಬ್ಬ ಹೊರಬಿದ್ದ ಮೇಲೆ ಉಳಿದವನ ಹೆಸರನ್ನೇ ಪಂದ್ಯಕ್ಕೆ ಕಳಿಸಿದರು. ಪಂದ್ಯಕ್ಕೆ ಹೋಗಿ ಒಂಬತ್ತನೆಯವನಾಗಿ ಬಂದೆ. ಅಲ್ಲಿಂದೀಚೆಗೆ ರಸ್ತೆಯಲ್ಲಿ ಸೈಕಲ್ಲು ಹತ್ತಿಲ್ಲ. ಈ ಊರಿಗೆ ಬಂದಾಗಲೆಲ್ಲ ಈಶ್ವರಯ್ಯನವರಲ್ಲಿಗೆ ಹೋಗಿ ತುಳಿಯುತ್ತೇನೆ. ಯಾವ ಪಂದ್ಯಕ್ಕೂ ಅಲ್ಲ. ನೀನು ಪಟ್ಟಣದ ಕಚೇರಿಗೆ ಕುರ್ಚಿಯ ಕೆಲಸಕ್ಕೆ ಹೋದೆ, ಮಾವನ ಮನೆಯ ಹತ್ತಿರ ನೆಲಮಹಡಿಯ ಬಾಡಿಗೆ ಮನೆ ಹಿಡಿದೆ. ನಾನು ಬರುತ್ತಿದ್ದೆ, ಹೋಗುತ್ತಿದ್ದೆ. ಪ್ರತಿ ಸಲವೂ ನೀನು ಕೇಳುತ್ತಿದ್ದೆ, "ಬೆಜವಾಡದಾಗ ಸೈಕಲ್ ಹೊಡಿಯೂದು ನಡದೈತೇನಲೇ?" ನಡೆದಿದೆ ಅನ್ನುತ್ತಿದ್ದೆ. ನನ್ನ ಸವಾರಿಯ ಮೇಲೆ ನಿನಗೆ ಇನ್ನೂ ಪ್ರೀತಿ ಇದೆ ಅಂದುಕೊಂಡಿದ್ದೆ.

ಹೋದ ಗುರುವಾರ ದುರ್ಗಾಪ್ರಸಾದ್ ಚಹಾ ತರಿಸಿದರು. ರೋಲರ್ ಮಾಡುವ ವರ್ಕ್‌ಶಾಪಿನ ಯಜಮಾನರು, ನಿನಗೆ ಹೆಸರು ಗೊತ್ತು. ನಿನ್ನ ಆರೋಗ್ಯ ವಿಚಾರಿಸಿ, "ಮೀ ಫ್ರೆಂಡು ಚಾಲಾ ಮಂಚಿವಾಡಂಡಿ" ಅಂದರು, ನಿಮ್ಮ ಗೆಳೆಯ ಬಹಳ ಒಳ್ಳೆಯವನು ಎಂದು. ಆಮೇಲೆ ಮಾತಿನ ಭರದಲ್ಲಿ, ತೆಲುಗಿನಲ್ಲೇ, ಹೊರಗೆ ಬಿಟ್ಟರು. ಲಾರಿ ಬಡಿಯುವ ಹಿಂದಿನ ದಿನ, ಆ ಶನಿವಾರ, ನೀನು ಅವರ ವರ್ಕ್‌ಶಾಪಿಗೆ ಫೋನು ಮಾಡಿದ್ದೆಯಂತೆ. ಜಯರಾಮ ಇಲ್ಲದೆ ನಾನು ಹೋಗುವುದಿಲ್ಲ, ಅನಕಾಪಲ್ಲಿ ಸವಾರಿ ಬೇಡ, ಇದನ್ನು ಅವನಿಗೆ ತಿಳಿಸಿ ಅಂದೆಯಂತೆ. ಅದಕ್ಕೆ ಇವರು, "ಅವರ ಕೆಲಸ ನಿನ್ನೆಯೇ ಮುಗಿಯಿತಲ್ಲ ಸಾರ್, ಜಿಮ್‌ನಲ್ಲಿ ಇರುತ್ತಾರೆ, ಕರೆಸಲೇ?" ಎಂದು ಕೇಳಿದರಂತೆ. ನೀನು ನಕ್ಕೆಯಂತೆ. "ಬೇಡ. ನಾನು ಫೋನ್ ಮಾಡಿದ್ದನ್ನೂ ಅವನಿಗೆ ಹೇಳಬೇಡಿ" ಅಂದೆಯಂತೆ.

ನನ್ನ ಸುಳ್ಳು ಗೊತ್ತಿದ್ದೂ ಎರಡು ವರ್ಷ ನೀನು ನನ್ನ ಎದುರು ಕೂತು ಉಂಡಿದ್ದೀಯ. ಹೆಂಡತಿ ನನ್ನನ್ನು ಅಣ್ಣಯ್ಯ ಎಂದು ಕರೆಯುವಾಗ ಕೇಳಿಸಿಕೊಂಡಿದ್ದೀಯ. ಮರುದಿನ ಬೆಳಗ್ಗೆ ಒಬ್ಬನೇ ಗೇಟು ದಾಟಿ ಹೆದ್ದಾರಿಗೆ ಬಿದ್ದದ್ದು ಸಿಟ್ಟಿನಿಂದಲೋ, ಇವನಿಲ್ಲದಿದ್ದರೇನು ಎನ್ನುವ ಹಟದಿಂದಲೋ ನನಗೆ ಗೊತ್ತಿಲ್ಲ. ಬಾಯಿಬಿಟ್ಟು ಹೇಳು ಎಂದು ಕೇಳುವ ಹಕ್ಕೂ ನನಗಿಲ್ಲ. ನೀನು ಹೋಗದಿರಲು ನಿರ್ಧರಿಸಿದ್ದೆ, ನನ್ನ ಸುಳ್ಳು ತಿಳಿದ ಮೇಲೆ ಹೋದೆ. ಅಷ್ಟು ಮಾತ್ರ ನನಗೆ ಗೊತ್ತು.

ಇಲ್ಲಿಯವರೆಗಿನದು ನಿನಗೂ ತಿಳಿದದ್ದೇ. ನಿನಗೆ, ಸೀತಾಮಹಾಲಕ್ಷ್ಮಿಗೆ, ಯಾರಿಗೂ ತಿಳಿಯದ ಒಂದು ಮಾತಿದೆ. ಅದಕ್ಕಾಗಿಯೇ ಈ ಕಾಗದ. ಆ ಸೋಮವಾರ ಆಸ್ಪತ್ರೆಯ ಮೆಟ್ಟಿಲ ಮೇಲೆ ಚಂದ್ರಮೌಳಿಯವರು ನನ್ನ ಭುಜ ಹಿಡಿದು, "ಕಾಲು ತೆಗೆಯುತ್ತಾರಂತೆ" ಅಂದರು. ಆ ಕ್ಷಣ ನನ್ನ ಮನಸ್ಸಿಗೆ ಬಂದ ಮೊದಲ ಯೋಚನೆ, ಹಾಗಾದರೆ ಪಂದ್ಯಕ್ಕೆ ಹೋಗುವವನು ನಾನೇ ಎಂಬುದು. ಅಳು ಬಂದದ್ದು ಆಮೇಲೆ. ಆ ಅಳುವನ್ನು ನೋಡಿ ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು.

ಇದನ್ನು ಕ್ಷಮಿಸು ಎಂದು ಬರೆಯುತ್ತಿಲ್ಲ. ಬರುವ ಭಾನುವಾರ ನಾನು ನಿನ್ನ ಮನೆಗೆ ಬರುವುದಿಲ್ಲ. ಬಾ ಎಂದು ನೀನು ಹೇಳಿ ಕಳಿಸಿದರೆ ಯಾವತ್ತಾದರೂ ಬರುತ್ತೇನೆ, ಏನು ಅಂದರೂ ಅನ್ನಿಸಿಕೊಳ್ಳುತ್ತೇನೆ. ಕಳಿಸದಿದ್ದರೆ ಅದೇ ಉತ್ತರವೆಂದು ತಿಳಿಯುತ್ತೇನೆ.

ನಿನ್ನ ಮಗಳು ನೂರು ಕಾಲ ಬಾಳಲಿ. ದಾರಿಯಲ್ಲಿ ಅವಳ ಹಿಂದೆ ಬರುವವರು ಲಾರಿ ಎಂದು ಕೂಗುವವರಾಗಲಿ, ನನ್ನಂಥವರಾಗದಿರಲಿ.

ಜಯರಾಮ