ಕೊನೆಯ ತಿರುವು

ಅತ್ತೆಗೆ ನಮಸ್ಕಾರ.

ನಾನು ಬದುಕಿದ್ದೇನೆ, ಗಾಬರಿಯಾಗಬೇಡಿ. ನಿಮ್ಮ ಮಗ ಏನು ಹೇಳಿದ್ದಾರೋ ಗೊತ್ತಿಲ್ಲ, ನಡೆದದ್ದು ಇಷ್ಟು. ಮ್ಯಾರಥಾನ್‌ಗೆ ಮುಂಚೆ ಕಾಲಿನ ಶಕ್ತಿ ಎಷ್ಟಿದೆ ನೋಡೋಣವೆಂದು ಭಾನುವಾರ ಹತ್ತು ಕಿಲೋಮೀಟರ್ ಓಟಕ್ಕೆ ಹೋಗಿದ್ದೆ. ಕೊನೆಯ ತಿರುವಿನಲ್ಲಿ ಅವರು ರಸ್ತೆ ಬದಿಗೆ ಕಟ್ಟಿದ್ದ ಹಗ್ಗ ದಾಟಿ ನುಗ್ಗಿದರು. "ಮನೆ ಮರ್ಯಾದೆ ಬೀದಿಪಾಲು ಮಾಡ್ತೀಯಾ?" ಎಂದು ಜಡೆ ಹಿಡಿದು ಕೆಡವಿದರು, ಮುಖಕ್ಕೆ ಒದ್ದರು. ಎರಡು ಹಲ್ಲು ರಸ್ತೆಯಲ್ಲೇ ಉಳಿದವು. ಮತ್ತೆ ಕಾಲೆತ್ತಿದಾಗ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದೆ. ಮೂಳೆ ಲಟಕ್ಕನೆ ಮುರಿದದ್ದು ನನಗೂ ಕೇಳಿಸಿತು.

ನನ್ನ ಹಿಂದೆ ಓಡಿ ಬರುತ್ತಿದ್ದ ನರ್ಸಮ್ಮ ಒಬ್ಬರು ಎಬ್ಬಿಸಿ, "ಏಳಮ್ಮ, ಇನ್ನೇನು ಬಂದೇಬಿಡ್ತು" ಎಂದರು. ರಕ್ತ ಉಗುಳುತ್ತಲೇ ಓಟ ಮುಗಿಸಿದೆ. ಈಗ ಆ ನರ್ಸಮ್ಮನ ಮನೆಯಲ್ಲಿದ್ದೇನೆ. ಅಗಿಯಲು ಆಗುತ್ತಿಲ್ಲ, ಓಡಲು ಆಗುತ್ತಿದೆ.

ಮಾವ ನಿಮ್ಮ ಕೈ ಮುರಿದ ದಿನ, "ಹೆಣ್ಣಾಗಿ ಹುಟ್ಟಿದ ಮೇಲೆ ಸಹಿಸ್ಕೋಬೇಕು ಕಣೆ" ಎಂದಿದ್ದಿರಿ. ಅಂದು ನಾನು ನಿಮ್ಮ ಮಾತು ಕೇಳಿದೆ. ಈಗ ಒಂದು ಕೆಲಸ ಹೇಳುತ್ತೇನೆ, ಇಲ್ಲವೆನ್ನಬೇಡಿ. ಮ್ಯಾರಥಾನ್ ದಿನ ದಾರಿಯಲ್ಲಿ ನಿಂತು ನನಗೆ ನೀರು ಕೊಡಲು ನಮ್ಮವರು ಯಾರೂ ಇಲ್ಲ. ನೀವು ಬನ್ನಿ. ಬರುವಾಗ ನಿಮ್ಮ ಬಟ್ಟೆಬರೆಯನ್ನೆಲ್ಲ ತಂದುಬಿಡಿ. ಇಲ್ಲಿ ಇನ್ನೊಂದು ಮಂಚ ಖಾಲಿಯಿದೆ.

ದಾರಿ ಕಾಯುವ,
ನಿಮ್ಮ ಸೊಸೆ