ಮೊದಲ ಬಸ್ಸಿಗೆ ಹಾಸನಕ್ಕೆ

ಪ್ರೇಮಾ,

ಗಾಬರಿಯಾಗಬೇಡ, ಮೊದಲ ಬಸ್ಸಿಗೆ ಹಾಸನಕ್ಕೆ ಹೊರಟಿದ್ದೇನೆ. ಆ ಮನೋವೈದ್ಯರ ಹತ್ತಿರವೇ. ನಾನು ಕಾರ್ಗಿಲ್‌ನಿಂದ ಬಂದಾಗಿನಿಂದ ನೀನು ಹೇಳುತ್ತಲೇ ಇದ್ದೆ, "ರೀ, ನಿಮ್ಗೆ ತಲೆ ಕೆಟ್ಟಿಲ್ಲ, ನಿದ್ದೆ ಕೆಟ್ಟದೆ. ಓಗಿ ತೋರಿಸ್ಕೊಂಡ್ ಬನ್ನಿ" ಅಂತ. ನಾನೇ ಕೇಳದೆ ರೇಗುತ್ತಿದ್ದೆ.

ನಿನ್ನೆ ಸಂಜೆ ನೀನು ಹಿತ್ತಲಲ್ಲಿದ್ದೆ. ಪಕ್ಕದ ಮನೆಯ ಹುಡುಗರು ದೀಪಾವಳಿ ಪಟಾಕಿ ತಂದದ್ದು ಕಂಡೇ ನಾನು ಒಳಕೋಣೆ ಸೇರಿಬಿಟ್ಟೆ. ನಮ್ಮ ಶಿವರಂಜನಿ ಜಗುಲಿಯಿಂದ ಕೂಗಿದಳು: "ಇಲ್ಲಿ ಒಡೀಬ್ಯಾಡ್ರೋ, ನಮ್ಮಪ್ಪಾಜಿ ಎದರ್ಕೊತಾರೆ. ನನ್ ಪಟಾಕೀನೂ ನೀವೇ ತಕ್ಕಂಡು ಅತ್ಲಾಗ್ ಓಗಿ!" ಆಮೇಲೆ ಒಬ್ಬಳೇ ಸುರುಸುರುಬತ್ತಿ ಹಚ್ಚಿಕೊಂಡು ಕೂತಳು. ನಾನು ಕಾಯಬೇಕಾದ ಮಗು ನನ್ನನ್ನು ಕಾಯುವ ಹಾಗಾಯಿತಲ್ಲ ಅಂತ ಮನಸ್ಸು ಕೊರೆಯುತ್ತಲೇ ಇದೆ.

ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ. ಹಸುವಿಗೆ ಹುಲ್ಲು ಹಾಕಿದ್ದಾಯಿತು. ಮಗಳನ್ನು ಅತ್ತಿಗೆ ಮನೆಯಲ್ಲಿ ಬಿಟ್ಟು ಮುಂದಿನ ಬಸ್ಸಿಗೆ ನೀನೂ ಬಾ. ಡಾಕ್ಟರು ಮನೆಯವರ ಜೊತೆಗೂ ಮಾತಾಡುತ್ತಾರಂತೆ. ನನ್ನ ದೆಸೆಯಿಂದ ನಿನ್ನ ನಿದ್ದೆಯೂ ಹೋಗಿದೆ, ಅದನ್ನೂ ಹೇಳು, "ನಂಗೇನಾಗ್ಯದೆ?" ಅಂತ ಮುಚ್ಚಿಡಬೇಡ. ತಿಂಡಿ ತಿಂದೇ ಹೊರಡು, ಉಪವಾಸ ಬಂದರೆ ಅಲ್ಲೇ ಬೈಯುತ್ತೇನೆ.

ನಾನು ಮುಂಚೆ ಹೋಗಿ ಹೆಸರು ಬರೆಸಿ, ಆಸ್ಪತ್ರೆಯ ಬಾಗಿಲಲ್ಲೇ ಕೂತಿರುತ್ತೇನೆ. ಬೇಗ ಬಾ ಕಣೆ. ನೀನಿಲ್ಲದೆ ಒಳಗೆ ಕಾಲಿಡಲು ನನಗೆ ಧೈರ್ಯ ಸಾಲದು.

ನಿನ್ನ
ಷಡಕ್ಷರಿ