ಫಾರಂನ ಆರನೇ ಪ್ರಶ್ನೆ

ಸೆಂಟಾನೆ
ಆಗಸ್ಟ್ ೧೭

ಪ್ರೀತಿಯ ತಮ್ಮ ಸಿಂಡಿಲೆಗೆ,

…“ಅದು ಕುಡಿತ ಅಲ್ಲ, ಊಟ” ಎಂದವರು ಯಾರು, ದೊಡ್ಡಪ್ಪನೋ ಪಕ್ಕದಲ್ಲಿ ಕೂತಿದ್ದ ಮುದುಕರೋ, ಸರಿಯಾಗಿ ನೆನಪಾಗುತ್ತಿಲ್ಲ. ಹೀಗೆ ಶುರು ಮಾಡಿದ್ದಕ್ಕೆ ಬೇಸರ ಪಡಬೇಡ. ಕ್ಷೇಮ ಕೇಳಿ ಆರಂಭಿಸಿದ ಮೂರು ಕಾಗದಗಳನ್ನು ಹರಿದುಹಾಕಿದ್ದೇನೆ. ಜೈಲಿನಲ್ಲಿರುವವನನ್ನು ಕ್ಷೇಮವೇ ಎಂದು ಕೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಎರಡು ತಿಂಗಳು ತಡವಾದದ್ದಕ್ಕೆ ಬೇರೆ ಕಾರಣವಿಲ್ಲ.

ನೊಮಲಿಜೊ ಅಜ್ಜಿ ಆಸ್ಪತ್ರೆಯಿಂದ ಬಂದಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ. ನಿನ್ನ ವ್ಯಾನು ನುಗ್ಗಿದ ಅವರ ಮನೆ ಗೋಡೆಗೆ ತಗಡು ಒರಗಿಸಿದ್ದಾರೆ. ನೋಡಲು ಹೋದಾಗ, “ಬಾರಪ್ಪಾ ಮೇಷ್ಟ್ರೇ, ಬಾಗಿಲು ಯಾಕೆ ಬಡೀತೀಯ? ನಿನ್ ತಮ್ಮ ನಂಗೆ ಇನ್ನೊಂದು ಬಾಗಿಲು ಮಾಡ್ಕೊಟ್ಟಿದಾನಲ್ಲ” ಎಂದರು. ನಾನು ನಗಲಿಲ್ಲ. ಅವರೂ ನಗಲಿಲ್ಲ.

ವಿಮೆ ಕಂಪನಿಯ ಕೊನೆಯ ಉತ್ತರ ಬಂದಿದೆ. ರಕ್ತದಲ್ಲಿ ಮದ್ಯ ಮಿತಿಗಿಂತ ಹೆಚ್ಚಿದ್ದ ಕಾರಣ ವ್ಯಾನಿಗೂ ಪರಿಹಾರವಿಲ್ಲ, ಗೋಡೆಗೂ ಇಲ್ಲ. ನಿನ್ನಂತೆ ಶಾಲೆಯ ಮಕ್ಕಳನ್ನು ಸಾಗಿಸುವ ಚಾಲಕರಿಗೆ ಆ ಮಿತಿ ಇನ್ನೂ ಕಡಿಮೆಯಂತೆ. ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಅಪ್ಪ ತೀರಿಹೋಗಿ ವರ್ಷವಾದ ಮೇಲೆ ಅವರ ಆತ್ಮವನ್ನು ಹಿರೀಕರ ಜೊತೆ ಮತ್ತೆ ಮನೆಗೆ ಕರೆದ ದಿನ, ಜೋಳದ ಬಿಯರಿನ ಡಬ್ಬಿ ನಿನ್ನ ಬಳಿಗೆ ಬಂದಾಗ, “ಅತ್ತೆಯರನ್ನ ಬಸ್‌ಸ್ಟ್ಯಾಂಡಿಗೆ ಬಿಡ್ಬೇಕು, ನಂಗೆ ಬೇಡ” ಎಂದೆ ನೀನು. “ಅಪ್ಪ ಮನೆಗೆ ಬರ್ತಿದಾನೆ, ನೀನು ತುಟಿ ಬಿಗ್ಕೊಂಡು ಕೂತಿದೀಯಾ? ಪೊಲೀಸ್ರು ಏನು ನಿನ್ನ ಹಿರೀಕರಾ?” ಎಂದರು ದೊಡ್ಡಪ್ಪ. ಗಂಡಸರೆಲ್ಲ ಕೂತಿದ್ದ ದನದ ಕೊಟ್ಟಿಗೆ ತುಂಬ ನಗು. ನಾನೂ ನಕ್ಕೆ. ಡಬ್ಬಿ ಮೂರು ಸುತ್ತು ಬಂತು.

ಆಮೇಲೆ ಅಜ್ಜಿಯ ಗೋಡೆ, ಆಮೇಲೆ ವಿಮೆಯ ಆ ಫಾರಂ. ಇಂಗ್ಲಿಷ್ ಫಾರಂ ತುಂಬುವುದು ನಮ್ಮ ಮನೆಯಲ್ಲಿ ಯಾವಾಗಲೂ ನನ್ನ ಕೆಲಸ. ಆರನೇ ಪ್ರಶ್ನೆ: ವಾಹನ ಚಲಾಯಿಸುವ ಮುನ್ನ ಮದ್ಯ ಸೇವಿಸಿದ್ದಿರಾ?

“ಏನ್ ಬರೀತೀಯಣ್ಣಾ?” ಎಂದೆ ನೀನು.

“ಹಿರೀಕರಿಗೆ ಎರೆಯೋದನ್ನ ಯಾರಾದ್ರೂ ಮದ್ಯ ಅಂತಾರೇನೋ?” ಎಂದು ‘ಇಲ್ಲ’ ಎಂದು ಬರೆದೆ. ನೀನು ಓದದೆ ಸಹಿ ಹಾಕಿದೆ.

ಕುಡಿದು ಓಡಿಸಿದ್ದಕ್ಕೆ ಶಿಕ್ಷೆ ಆಯಿತು. ಆ ಒಂದು ಪದಕ್ಕೆ ಈಗ ಎರಡನೇ ಕೇಸು: ವಂಚನೆ. ಬರೆದವನು ಬೇರೆ ಎಂದು ಗೊತ್ತಾದರೆ ನಿನ್ನ ಭಾರ ಇಳಿಯಬಹುದು, ಬರೆದವನ ನೌಕರಿ ಹೋಗಬಹುದು ಎನ್ನುತ್ತಾರೆ ನಿನ್ನ ವಕೀಲರು. ನಿನಗೆ ತಿಳಿಸಿರಲಿಲ್ಲ, ನಾನೀಗ ಹೆಡ್‌ಮಾಸ್ಟರ್. ಒಂದು ಪದದಲ್ಲಿ ಉತ್ತರಿಸಿ ಎಂದು ಮಕ್ಕಳಿಗೆ ಹೇಳುವಾಗ ಈಚೆಗೆ ಕಿಟಕಿಯ ಕಡೆ ತಿರುಗಿ ನಿಲ್ಲುತ್ತೇನೆ.

ನಿನ್ನ ಹೆಂಡತಿ ನೊಲುತಾಂಡೊ ಭಾನುವಾರ ಬಂದಿದ್ದಳು. ಟೀ ಮುಟ್ಟಲಿಲ್ಲ. “ನಿಮ್ಮ ಅಕ್ಷರ ನಂಗೆ ಗುರುತು ಸಿಗಲ್ವಾ ಭಾವಾ? ನಿಮ್ಮ ಕ್ಲಾಸಲ್ಲೇ ನಾಲ್ಕು ವರ್ಷ ಕೂತೋಳು” ಎಂದಳು. ಅಷ್ಟೇ. ಅವಳು ಕೂಗಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೇನೋ.

ಮಕ್ಕಳು ಚೆನ್ನಾಗಿದ್ದಾರೆ, ಶಾಲೆಗೆ ನಡೆದೇ ಬರುತ್ತಾರೆ. ಹಿರಿಯರು ನಿನ್ನ ಬೆನ್ನಿಗಿರಲಿ. ಚಳಿಗೆ ಎದೆ ಮುಚ್ಚಿಕೊಂಡು ಮಲಗು.

ನಿನ್ನ ಅಣ್ಣ,
ಬೊನಕೆಲೆ

ವಿ.ಸೂ.: ವಕೀಲರು ಗುರುವಾರ ಇಲ್ಲಿಗೇ ಬಂದಿದ್ದರು. ಫಾರಂ ಮುಂದಿಟ್ಟು, ಇದು ಯಾರ ಅಕ್ಷರ ಎಂದು ಕೇಳಿದರು. ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿ, ಗೊತ್ತಿಲ್ಲ ಎಂದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ನಿನ್ನನ್ನು ಮೊದಲೇ ಕೇಳಿದ್ದರಂತೆ, ನೀನು “ನಂದೇ” ಅಂದೆಯಂತೆ. ಯಾರನ್ನ ಕೇಳಿ ಹಾಗಂದೆಯೋ, ಸಿಂಡಿಲೆ?